ಗೌಡರಿಗೆ ಕೇಳಿಸದ ಮಾತು: ಬರಹದ ರೋಲ್‌ಪ್ಲೇಯಲ್ಲಿ ಪಾತ್ರದ ಮನಸ್ಸನ್ನು ತೋರುವ ಬಗೆಗಳು

“ಗುಮಾಸ್ತ ತಕ್ಕಡಿಯ ಮುಳ್ಳಿನಿಂದ ಕಣ್ಣೆತ್ತದೆಯೇ ‘ಕೂತ್ಕಳಿ ಗೌಡ್ರೇ, ಕಾಫಿ ತರಿಸ್ತೀನಿ’ ಎಂದ. ರಾಶಿಗೂ ಗೊರಬಲಿಗೂ ವ್ಯತ್ಯಾಸ ತಿಳಿಯದ ಮುದುಕ, ದರ ಕೇಳಲು ಬೇರೆ ಬಂದಿದ್ದಾನೆ ಎಂದುಕೊಂಡ.”

ಕೆಲವು ಮಳೆಗಾಲಗಳ ಹಿಂದೆ ನಾವು ಐದು ಮಂದಿ ಸೇರಿ ಫೋನಿನಲ್ಲಿ ಆಡುತ್ತಿದ್ದ ಒಂದು ರೋಲ್‌ಪ್ಲೇಗೆ ನಾನು ಬರೆದ ಸಾಲುಗಳಿವು; ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಸರದಿಯಂತೆ ಬರೆಯುತ್ತ ಕತೆ ಕಟ್ಟುವ ಆಟ ಅದು. ಕತೆ ನಡೆಯುತ್ತಿದ್ದುದು ಶಿವಮೊಗ್ಗದ ಒಂದು ಕಾಲ್ಪನಿಕ ಅಡಿಕೆ ಮಂಡಿಯಲ್ಲಿ; ರಾಶಿ, ಗೊರಬಲು ಎಂಬುವು ಅಡಿಕೆಯ ದರ್ಜೆಗಳು, ಗೊರಬಲಿಗೆ ಬೆಲೆ ಕಡಿಮೆ. ಗುಮಾಸ್ತನ ಪಾತ್ರ ನನ್ನದು, ಗೌಡರ ಪಾತ್ರ ಸಾಗರದ ಕಡೆಯ ಗೆಳೆಯನದು. ಮೊದಲ ವಾಕ್ಯ ಗೌಡರ ಕಿವಿಗೆ ಬಿತ್ತು. ಎರಡನೆಯದು ಬೀಳಲಿಲ್ಲ, ಬೀಳುವಂತೆಯೂ ಇರಲಿಲ್ಲ. ಆದರೆ ಗೆಳೆಯ ಎರಡನ್ನೂ ಒಂದೇ ಉಸಿರಿನಲ್ಲಿ ಓದಿದ. ಅವನ ಸರದಿಯಲ್ಲಿ ಗೌಡರು ನಗುನಗುತ್ತ ಬೆಂಚಿನ ಮೇಲೆ ಕುಳಿತು, ‘ಸಂಬಳಕ್ಕೆ ದುಡಿಯುವವನ ಗತ್ತು ನೋಡು’ ಎಂದುಕೊಂಡರು. ನಾನು ಬಿಡಲಿಲ್ಲ, ಅವನೂ ಬಿಡಲಿಲ್ಲ. ನಾಲ್ಕು ಸುತ್ತು ಎರಡು ಪಾತ್ರಗಳು ಮನಸ್ಸಿನಲ್ಲೇ ಬೈದಾಡಿಕೊಂಡವು. ಅಷ್ಟು ಹೊತ್ತಿನಲ್ಲಿ ಮಂಡಿಯೊಳಗೆ ನಿಜವಾಗಿ ನಡೆದದ್ದೆಂದರೆ ಕಾಫಿ ತಣ್ಣಗಾದದ್ದು ಮಾತ್ರ.

ಇದರಿಂದ ಪಾತ್ರದ ಮನಸ್ಸನ್ನು ಬರೆಯಲೇಬಾರದು ಎಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಹಾಗೆ ಬಂದವರೂ ಇದ್ದಾರೆ; ಅವರ ವಾದವನ್ನು ಮುಂದೆ ನೋಡೋಣ. ಮನಸ್ಸನ್ನು ತೋರಿಸಲು ಹಲವು ಬಗೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಬೆಲೆಯಿದೆ, ಮತ್ತು ಆ ಬೆಲೆಯನ್ನು ತೆರುವವರು ಬಹುಪಾಲು ಬರೆದವರಲ್ಲ, ಎದುರಿಗೆ ಆಡುತ್ತಿರುವವರು. ಆದ್ದರಿಂದ ಇಲ್ಲಿ ಆ ಬಗೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಯಾವ ಆಟಕ್ಕೆ ಯಾವುದು ಒಗ್ಗುತ್ತದೆ ಎಂದು ತೂಗಿ ನೋಡಿದ್ದೇನೆ.

ಕೇಳಿಸುವುದು ಯಾರಿಗೆ?

ಈ ಪ್ರಶ್ನೆ ಫೋನಿನ ಜೊತೆ ಹುಟ್ಟಿದ್ದಲ್ಲ. 10ನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ನಾಟಕದ ಮಾತನ್ನು ಕೇಳುವವರ ಲೆಕ್ಕದಿಂದಲೇ ವಿಂಗಡಿಸಿದ್ದಾನೆ. ರಂಗದ ಮೇಲಿರುವ ಎಲ್ಲರಿಗೂ ಕೇಳಿಸುವುದು ಸರ್ವಶ್ರಾವ್ಯ, ಅಂದರೆ ಪ್ರಕಾಶ. ಯಾರಿಗೂ ಕೇಳಿಸದ್ದು ಅಶ್ರಾವ್ಯ, ಅಂದರೆ ಸ್ವಗತ. ಕೆಲವರಿಗಷ್ಟೇ ಕೇಳಿಸುವುದು ನಿಯತಶ್ರಾವ್ಯ. ಅದರಲ್ಲಿ ಜನಾಂತಿಕ, ಅಪವಾರಿತ ಎಂದು ಎರಡು ಬಗೆ. ಜನಾಂತಿಕವನ್ನಾಡುವ ನಟ ಉಂಗುರದ ಬೆರಳನ್ನು ಮಡಿಸಿದ ತ್ರಿಪತಾಕ ಹಸ್ತವನ್ನು ಅಡ್ಡ ಹಿಡಿದರೆ, ಆ ಕೈಯ ಆಚೆ ನಿಂತವರಿಗೆ ಮಾತು ಕೇಳಿಸಲಿಲ್ಲ ಎಂದು ಪ್ರೇಕ್ಷಕರು ಒಪ್ಪಿಕೊಳ್ಳುತ್ತಾರೆ.

ಇಷ್ಟು ಅಚ್ಚುಕಟ್ಟಾದ ವಿಂಗಡಣೆ ನಮ್ಮ ಆಟಕ್ಕೆ ಹಾಗೆಯೇ ಹೊಂದುವುದಿಲ್ಲ. ರಂಗದಲ್ಲಿ ಸ್ವಗತವನ್ನು ಸವಿಯುವವರು ಎದುರು ಕುಳಿತ ಪ್ರೇಕ್ಷಕರು. ಪಕ್ಕದಲ್ಲಿ ನಿಂತ ನಟನಿಗೆ ಅದು ಕೇಳಿಸಿದರೂ ಅವನ ಮುಂದಿನ ಮಾತು ಕವಿ ಬರೆದಿಟ್ಟದ್ದು, ಆದ್ದರಿಂದ ಅವನಿಗೆ ತೊಡಕಿಲ್ಲ. ರೋಲ್‌ಪ್ಲೇಯಲ್ಲಿ ಬೇರೆ ಪ್ರೇಕ್ಷಕರೇ ಇಲ್ಲ. ಎದುರಿನ ಪಾತ್ರಧಾರಿಯೇ ಪ್ರೇಕ್ಷಕ, ಅವನೇ ಮುಂದಿನ ಸಾಲಿನ ಕವಿ. ಯಾರಿಗೂ ಕೇಳಿಸದ ಮಾತು ಎಂಬುದು ಪಾತ್ರಗಳ ಮಟ್ಟದಲ್ಲಿ ಉಂಟು, ಆಡುವವರ ಮಟ್ಟದಲ್ಲಿ ಇಲ್ಲ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾದಾಗ ನಾನು ತಾಳಮದ್ದಳೆಯನ್ನು ನೆನಪಿಸುತ್ತೇನೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನೋ ಕೃಷ್ಣನೋ ಆಗಿ ಆ ಹೊತ್ತಿಗೆ ಹೊಳೆದ ಮಾತಿನಲ್ಲಿ ವಾದಿಸುತ್ತಾರೆ. ಅಲ್ಲಿ ಕೂಡ ಮುಂದಿನ ಮಾತು ಎದುರಿನವರ ಕೈಯಲ್ಲಿದೆ. ಎದುರು ಕುಳಿತವರಿಗೆ ಹಿಡಿದು ಎಳೆಯಲು ಒಂದು ಎಳೆಯನ್ನು ಬಿಟ್ಟು ಮಾತು ಮುಗಿಸುವ ಅರ್ಥಧಾರಿಯ ಜೊತೆ ಕೂರಲು ಎಲ್ಲರಿಗೂ ಇಷ್ಟ; ತಾನೇ ಎಲ್ಲವನ್ನೂ ಹೇಳಿ ಮುಗಿಸಿ, ಎದುರಿನವರಿಗೆ ಹೂಂಗುಟ್ಟುವುದನ್ನಷ್ಟೇ ಉಳಿಸುವವರ ಜೊತೆ ಕಷ್ಟ. ಕೆಳಗಿನ ಬಗೆಗಳನ್ನು ತೂಗುವಾಗ ನಾನು ಹಿಡಿದಿರುವ ಅಳತೆಗೋಲು ಇದೊಂದೇ: ಈ ಸಾಲನ್ನು ಓದಿದವರಿಗೆ ತಮ್ಮ ಪಾತ್ರದ ಮೂಲಕ ಮಾಡಲು ಏನಾದರೂ ಉಳಿಯಿತೇ?

ಕಣ್ಣಿಗೆ ಕಂಡದ್ದಷ್ಟೇ

ಮೊದಲ ಬಗೆಯಲ್ಲಿ ಮನಸ್ಸನ್ನು ಬರೆಯುವುದೇ ಇಲ್ಲ. ಆ ಜಾಗದಲ್ಲಿ ನಿಂತ ಮತ್ತೊಬ್ಬನಿಗೆ ಕಾಣುವುದು, ಕೇಳುವುದು, ಮೂಗಿಗೆ ಬಡಿಯುವುದು ಮಾತ್ರ ಬರಹಕ್ಕೆ ಬರುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ರೂಪಿಸಿದ ಮಡ್ ಎಂಬ, ಹಲವರು ಕಂಪ್ಯೂಟರಿನಲ್ಲಿ ಬರೀ ಅಕ್ಷರಗಳಲ್ಲೇ ಆಡುವ ಆಟದಿಂದ ಹುಟ್ಟಿದ ವಂಶದಲ್ಲಿ, ಮುಖ್ಯವಾಗಿ 1989ರ ಟೈನಿಮಡ್ ಮತ್ತು ಅದರ ನಂತರ ಬಂದ ಆಟಗಳಲ್ಲಿ, ಈ ಶಿಸ್ತು ಬಲವಾಗಿ ಬೇರೂರಿತು. ಅಲ್ಲಿ ಮಾತಿಗೆ ಒಂದು ಆದೇಶ, ಚರ್ಯೆಗೆ ಇನ್ನೊಂದು ಆದೇಶ ಇದ್ದವು. ಚರ್ಯೆಯ ಆದೇಶ ಕೊಟ್ಟು ‘ನಗುತ್ತಾನೆ’ ಎಂದು ಬರೆದರೆ ಆ ಕೋಣೆಯಲ್ಲಿದ್ದ ಎಲ್ಲರ ಪರದೆಯ ಮೇಲೆ ಪಾತ್ರದ ಹೆಸರಿನೊಡನೆ ಆ ವಾಕ್ಯ ಮೂಡುತ್ತಿತ್ತು. ಕೋಣೆಯಲ್ಲಿದ್ದವರಿಗೆ ಕಾಣದ್ದನ್ನು ಚರ್ಯೆಯಲ್ಲಿ ತುರುಕಬಾರದು ಎಂಬ ಮರ್ಯಾದೆ ಈ ಏರ್ಪಾಡಿನಿಂದಲೇ ಸಹಜವಾಗಿ ಬೆಳೆಯಿತು. ಮನಸ್ಸನ್ನು ಬರೆಯಲೇಬಾರದು ಎನ್ನುವವರ ವಾದದ ಮೂಲವೂ ಇಲ್ಲಿದೆ: ಪ್ರತಿಕ್ರಿಯಿಸಲು ಸಾಧ್ಯವಿಲ್ಲದ್ದನ್ನು ಎದುರಿನವರ ಮುಂದೆ ಇಡುವುದು ಊಟಕ್ಕೆ ಕರೆದು ಎಲೆ ಹಾಕದಿದ್ದಂತೆ.

ಕನ್ನಡದವರಿಗೆ ಈ ಬಗೆ ಹೊಸದಾಗಿ ಕಲಿಯಬೇಕಾದದ್ದೇನಲ್ಲ. ಒಳಗಿನ ಭಾವಕ್ಕೆ ಹೊರಗಿನ ಕುರುಹನ್ನು ನಮ್ಮ ಮೀಮಾಂಸಕರು ಅನುಭಾವ ಎಂದರು. ತಾನಾಗಿ ಮೈಯಲ್ಲಿ ಮೂಡುವ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ ಎಂಬ ಎಂಟನ್ನು ಸಾತ್ತ್ವಿಕ ಭಾವಗಳೆಂದು ಪಟ್ಟಿ ಮಾಡಿದರು. ನನ್ನ ಗುಮಾಸ್ತನ ತಿರಸ್ಕಾರವನ್ನು ಈ ದಾರಿಯಲ್ಲಿ ಬರೆಯುವುದಾದರೆ ಹೀಗಾಗುತ್ತದೆ: “ಗುಮಾಸ್ತ ಚೀಲದಿಂದ ನಾಲ್ಕು ಅಡಿಕೆ ತೆಗೆದು ಅಂಗೈಯಲ್ಲಿ ಉರುಳಿಸಿದ, ಒಂದನ್ನೂ ಕಚ್ಚಿ ನೋಡದೆ ಮತ್ತೆ ಚೀಲಕ್ಕೆ ಎಸೆದ. ‘ಕೂತ್ಕಳಿ ಗೌಡ್ರೇ’ ಎಂದ.” ಈಗ ಗೌಡರಿಗೆ ಕೆಲಸವಿದೆ. ಎಸೆದದ್ದನ್ನು ಅವರು ನೋಡಬಹುದು, ನೋಡಿಯೂ ನೋಡದಂತಿರಬಹುದು, ಚೀಲದ ಬಾಯಿ ಕಟ್ಟಿಕೊಂಡು ಪಕ್ಕದ ಮಂಡಿಗೆ ನಡೆದುಬಿಡಬಹುದು.

ಇದರ ದೋಷವೂ ಸಣ್ಣದಲ್ಲ. ದಿನವಿಡೀ ಹುಬ್ಬು ಗಂಟಿಕ್ಕುವ, ತುಟಿ ಕಚ್ಚುವ, ನಿಟ್ಟುಸಿರು ಬಿಡುವ ಪಾತ್ರಗಳು ಬಹಳ ಬೇಗ ಬೇಸರ ತರಿಸುತ್ತವೆ. ಹೊರಗೆ ಏನನ್ನೂ ಬಿಟ್ಟುಕೊಡದ ಪಾತ್ರವನ್ನು, ನಮ್ಮ ಹಳ್ಳಿಗಳಲ್ಲಿ ‘ಗುಮ್ಮನಗುಸಕ’ ಎನ್ನುವಂಥವನನ್ನು, ಈ ದಾರಿಯಲ್ಲಿ ಕಟ್ಟುವುದು ಕಷ್ಟ. ಅವನ ಮೌನ ಗಟ್ಟಿಯಾದಷ್ಟೂ ಅವನು ಬರೀ ಗೋಡೆಯಾಗುತ್ತಾನೆ.

ನೇರ ಸ್ವಗತ

ಎರಡನೆಯದು ಪಾತ್ರದ ಮನಸ್ಸಿನ ಮಾತನ್ನು ಅದೇ ಮಾತಿನಲ್ಲಿ ಕೊಡುವುದು. ಓದಲು ಅತ್ಯಂತ ರುಚಿಯಾದ ಬಗೆ ಇದು, ಅತ್ಯಂತ ಹೆಚ್ಚು ಜಗಳ ತಂದ ಬಗೆಯೂ ಇದೇ.

ಗುರುತಿನ ಪ್ರಶ್ನೆ ಮೊದಲು ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಆಡುವವರು ಸ್ವಗತಕ್ಕೆ ಓರೆ ಅಕ್ಷರ ಬಳಸುವುದನ್ನು ನೋಡಿ ನಮ್ಮವರೂ ಅದನ್ನೇ ಹಿಡಿದಿದ್ದಾರೆ. ಕನ್ನಡ ಲಿಪಿಗೆ ಅದು ಒಪ್ಪುವುದಿಲ್ಲ. ನಮ್ಮ ಮುದ್ರಣದಲ್ಲಿ ಓರೆ ಅಕ್ಷರಕ್ಕೆ ಗಟ್ಟಿಯಾದ ಪರಂಪರೆಯಿಲ್ಲ. ಫೋನಿನಲ್ಲಿ ಕಾಣುವುದು ಬಹುಮಟ್ಟಿಗೆ ನೆಟ್ಟಗಿನ ಅಕ್ಷರವನ್ನೇ ಯಂತ್ರ ವಾಲಿಸಿದ ರೂಪ, ಅದರಲ್ಲಿ ಒತ್ತಕ್ಷರಗಳು ತಮ್ಮ ಮೇಲಿನ ಅಕ್ಷರವನ್ನು ಬಿಟ್ಟು ಎಡಕ್ಕೆ ಜಾರಿದಂತೆ ತೋರುತ್ತವೆ. ಮೇಲಾಗಿ ಒಂದೇ ಚಿಹ್ನೆಗೆ ಬೇರೆ ಬೇರೆ ಕಡೆ ಬೇರೆ ಅರ್ಥ. ಮಾತಿನ ಎರಡೂ ಬದಿಗೆ ಒಂದೊಂದು ನಕ್ಷತ್ರ ಚಿಹ್ನೆ ಇಟ್ಟರೆ ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನಲ್ಲಿ ಅಕ್ಷರ ಓರೆಯಾಗುತ್ತದೆ, ವಾಟ್ಸಾಪ್‌ನಲ್ಲಿ ದಪ್ಪಗಾಗುತ್ತದೆ. ಪಿಸುಗುಟ್ಟಬೇಕಾದ ಸ್ವಗತ ಡಂಗುರದ ಹಾಗೆ ಕಾಣುವುದನ್ನು ನಾನು ಕಂಡಿದ್ದೇನೆ. ನಮ್ಮ ಗುಂಪಿನಲ್ಲಿ ಕಣ್ಣು ಕಾಣದ ಒಬ್ಬರು ಫೋನು ಓದಿ ಹೇಳುವುದನ್ನು ಕೇಳಿ ಆಡುತ್ತಿದ್ದರು; ಅವರಿಗೆ ಓರೆಯೂ ದಪ್ಪವೂ ಒಂದೇ ಆಗಿತ್ತು, ಯಾವುದು ಮಾತು ಯಾವುದು ಮನಸ್ಸು ಎಂದು ತಿಳಿಯುತ್ತಲೇ ಇರಲಿಲ್ಲ.

ಕನ್ನಡಕ್ಕೆ ಈ ಚಿಹ್ನೆಗಳ ಹಂಗು ಇಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ‘ಎಂದ’ ಎಂದರೆ ಆಡಿದ ಮಾತು. ‘ಎಂದುಕೊಂಡ’ ಎಂದರೆ ಆಡದ ಮಾತು. ‘ಕೊಳ್ಳು’ ಎಂಬ ಪುಟ್ಟ ಸಹಾಯಕ ಕ್ರಿಯಾಪದ ಇಡೀ ವಾಕ್ಯವನ್ನು ಹೊರಗಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಕಣ್ಣಿಗೂ ಕಿವಿಗೂ ಒಂದೇ ಸಮನೆ ತಿಳಿಯುವ ಇಂಥ ಗುರುತು ಇರುವಾಗ, ಒಂಟಿ ಉದ್ಧರಣ ಚಿಹ್ನೆ ಮತ್ತು ‘ಎಂದುಕೊಂಡ’ ಎರಡು ಸೇರಿದರೆ ಸಾಕು. ತೊಂದರೆ ಒಂದೇ: ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಉದ್ದದ ಸ್ವಗತವಾದರೆ ಓದುವವರು ಕೊನೆಯವರೆಗೂ ಅದನ್ನು ಆಡಿದ ಮಾತೆಂದೇ ಭಾವಿಸಬಹುದು. ಸ್ವಗತ ಒಂದೆರಡು ಸಾಲಿಗಿಂತ ಹೆಚ್ಚಾಗುವಂತಿದ್ದರೆ ‘ಅವನ ಮನಸ್ಸು ಹೇಳಿತು’ ಎಂಬಂಥ ಮಾತನ್ನು ಮುಂಚೆಯೇ ಇಡುವುದು ಮೇಲು.

ಇನ್ನು ಬಹುವಚನದ ವಿಷಯ. ಕನ್ನಡದಲ್ಲಿ ಸ್ವಗತ ಇಷ್ಟು ರುಚಿಯಾಗುವುದಕ್ಕೂ ಇಷ್ಟು ಚುಚ್ಚುವುದಕ್ಕೂ ಇದೇ ಕಾರಣ. ಬಾಯಲ್ಲಿ ‘ಗೌಡ್ರೇ, ನೀವು’ ಎಂದ ಗುಮಾಸ್ತ ಮನಸ್ಸಿನಲ್ಲಿ ‘ಬಂದಿದ್ದಾನೆ’ ಎನ್ನುತ್ತಾನೆ. ಒಂದು ಪ್ರತ್ಯಯದ ವ್ಯತ್ಯಾಸದಲ್ಲಿ ಅವನ ಇಡೀ ಬದುಕಿನ ಸೋಗು ಬಯಲಾಗುತ್ತದೆ. ಇದರ ತಿರುವು ಇನ್ನೂ ಚೆಂದ: ಹೊರಗೆ ‘ಏನೋ’ ಎಂದು ಗದರಿಸುವ ಅತ್ತೆ ಮನಸ್ಸಿನಲ್ಲಿ ‘ಬಂದ್ರಲ್ಲ, ಸದ್ಯ’ ಎಂದುಕೊಂಡರೆ ಅಲ್ಲಿ ಬೇರೆ ವಿವರಣೆ ಬೇಕಾಗುವುದಿಲ್ಲ. ಆದರೆ ಏಕವಚನದ ಈ ಏಟು ಬೀಳುವುದು ಪಾತ್ರದ ಮೇಲಲ್ಲ, ಪಾತ್ರವನ್ನು ಆಡುತ್ತಿರುವವರ ಮೇಲೆ. ಹೊಸದಾಗಿ ಪರಿಚಯವಾದವರ ಜೊತೆ, ಅದರಲ್ಲೂ ವಯಸ್ಸಿನಲ್ಲಿ ಹಿರಿಯರಾದವರ ಜೊತೆ ಆಡುವಾಗ, ಮೊದಲ ಕೆಲವು ಸರದಿಗಳಲ್ಲಿ ನಾನು ಸ್ವಗತದ ಏಕವಚನವನ್ನು ತಡೆಹಿಡಿಯುತ್ತೇನೆ. ಇದು ಕಲೆಯ ದೃಷ್ಟಿಯಿಂದ ಹೇಡಿತನವೆಂದು ಗೆಳೆಯನೊಬ್ಬ ಹೇಳಿದ್ದುಂಟು. ಇರಬಹುದು, ಆದರೆ ಮೂರನೆಯ ದಿನವೂ ಆಟ ನಡೆಯುತ್ತಿರಬೇಕಲ್ಲ.

ನೇರ ಸ್ವಗತವನ್ನು ಆರಿಸಿಕೊಂಡವರು ಪಾಲಿಸಬೇಕಾದ ಮರ್ಯಾದೆಗಳಲ್ಲಿ ಮುಖ್ಯವಾದದ್ದು, ಸ್ವಗತ ತನ್ನ ಪಾತ್ರವನ್ನು ಬಯಲು ಮಾಡಬೇಕೇ ಹೊರತು ಎದುರಿನ ಪಾತ್ರವನ್ನು ಹೊಡೆಯಬಾರದು ಎಂಬುದು. ‘ಈ ಮುದುಕನಿಗೆ ಏನೂ ತಿಳಿಯದು’ ಎಂಬ ಸ್ವಗತ ಗೌಡರ ಕುರಿತದ್ದು. ‘ಇವರ ಲೆಕ್ಕದಲ್ಲಿ ಎರಡು ಕೆಜಿ ಹೊಡೆದರೆ ಈ ತಿಂಗಳ ಬಡ್ಡಿ ತೀರುತ್ತದೆ, ಅಮ್ಮನಿಗೆ ಮಾತ್ರ ಗೊತ್ತಾಗಬಾರದು’ ಎಂಬ ಸ್ವಗತ ಗುಮಾಸ್ತನ ಕುರಿತದ್ದು. ಎರಡನೆಯದನ್ನು ಓದಿದ ಗೆಳೆಯ ಸಿಟ್ಟಾಗುವುದಿಲ್ಲ. ಆ ಎರಡು ಕೆಜಿಯನ್ನು ಗೌಡರು ಹೇಗೆ ಪತ್ತೆ ಹಚ್ಚಬಹುದು ಎಂದು ಯೋಚಿಸತೊಡಗುತ್ತಾನೆ.

ಅನಿಸಿತು, ಹೊಳೆಯಿತು, ನೆನಪಾಯಿತು

ಮೂರನೆಯದು ಮನಸ್ಸನ್ನು ವರದಿ ಮಾಡುವುದು. “ಇಷ್ಟು ಮಳೆಯಲ್ಲಿ ಗೌಡರು ತಾವೇ ಬಂದದ್ದು ಯಾಕಿರಬಹುದು ಎಂದು ಗುಮಾಸ್ತನಿಗೆ ಅನಿಸಿತು.” ಇಲ್ಲಿ ಪಾತ್ರದ ಮಾತಿಲ್ಲ, ಮಾತಿನ ಸಾರವಿದೆ. ‘ಎಂದುಕೊಂಡ’ ಎಂಬುದರಲ್ಲಿ ಪಾತ್ರದ ಇಚ್ಛೆಯಿದೆ. ‘ಅನಿಸಿತು’ ಎಂಬುದರಲ್ಲಿ ಯೋಚನೆ ತಾನಾಗಿ ಬಂದು ತಟ್ಟಿದೆ. ಚತುರ್ಥಿ ವಿಭಕ್ತಿಯ ಈ ವಾಕ್ಯಗಳು ಪಾತ್ರವನ್ನು ಸ್ವಲ್ಪ ನಿರಪರಾಧಿಯಾಗಿಸುತ್ತವೆ. ಕಠೋರವಾದ ಯೋಚನೆಯೂ ‘ಅನಿಸಿತು’ ಎಂದಾಗ ಅರ್ಧ ಮೊಂಡಾಗುತ್ತದೆ. ‘ಏನೋ’, ‘ಇರಬೇಕು’ ಸೇರಿದರೆ ಇನ್ನಷ್ಟು.

ಅವಸರದ ಆಟಕ್ಕೆ ನಾನು ಶಿಫಾರಸು ಮಾಡುವುದು ಇದನ್ನೇ. ಒಂದೇ ವಾಕ್ಯದಲ್ಲಿ ಮುಗಿಯುತ್ತದೆ, ಪಾತ್ರದ ಮುಂದಿನ ನಡೆಗೆ ಕಾರಣ ಸಿಗುತ್ತದೆ, ಎದುರಿನವರ ಹೊತ್ತು ಹಾಳಾಗುವುದಿಲ್ಲ. ‘ತಾನು’ ಎಂಬ ಸರ್ವನಾಮವನ್ನು ಜಾಣತನದಿಂದ ಬಳಸಿದರೆ ಯಾರ ಯೋಚನೆ ಎಂಬ ಗೊಂದಲವೂ ಇರುವುದಿಲ್ಲ: ‘ಅವನು ಮೋಸ ಹೋದೆನೆಂದು ಗೌಡರಿಗೆ ಅನಿಸಿತು’ ಎಂಬ ಅಡ್ಡಾದಿಡ್ಡಿ ವಾಕ್ಯವನ್ನು ‘ತಾವು ಮೋಸ ಹೋದೆವೆಂದು ಗೌಡರಿಗೆ ಅನಿಸಿತು’ ಎಂದು ತಿದ್ದಿದರೆ ಸಾಕು. ರುಚಿ ಮಾತ್ರ ಸ್ವಲ್ಪ ಸಪ್ಪೆ. ಪಾತ್ರದ ದನಿ ಕೇಳಿಸುವುದಿಲ್ಲ; ‘ಎಂತ ಸಾವು ಮಾರಾಯ’ ಎಂಬಂಥ ನಮ್ಮ ಕಡೆಯ ಉದ್ಗಾರಕ್ಕೆ ವರದಿಯಲ್ಲಿ ಜಾಗವಿಲ್ಲ.

ನಿರೂಪಕನ ಬಾಯಲ್ಲಿ ಪಾತ್ರದ ಕುಹಕ

“ಗುಮಾಸ್ತ ಬಾಗಿಲ ಕಡೆ ನೋಡಿದ. ಊರಿಗೆಲ್ಲ ಗೊತ್ತಿರುವಂತೆ ಗೌಡರಿಗೆ ತೋಟಕ್ಕಿಂತ ಕೋರ್ಟಿನ ಮೆಟ್ಟಿಲೇ ಹೆಚ್ಚು ಪ್ರಿಯ.” ಎರಡನೆಯ ವಾಕ್ಯ ಯಾರದು? ಗುಮಾಸ್ತನ ಯೋಚನೆಯೋ, ಕತೆ ಹೇಳುವವರ ತೀರ್ಪೋ? ಕಾದಂಬರಿಯಲ್ಲಿ ಈ ಮಸುಕಿಗೆ ದೊಡ್ಡ ಬೆಲೆಯಿದೆ, ಏಕೆಂದರೆ ಅಲ್ಲಿ ಎಲ್ಲ ಪಾತ್ರಗಳೂ ಒಬ್ಬನೇ ಲೇಖಕನ ಆಸ್ತಿ. ಇಲ್ಲಿ ಗೌಡರು ನನ್ನ ಆಸ್ತಿಯಲ್ಲ. ‘ಎಂದುಕೊಂಡ’ ಇದ್ದಿದ್ದರೆ ಅದು ಗುಮಾಸ್ತನ ಅಭಿಪ್ರಾಯ, ತಪ್ಪಾಗಿರಬಹುದಾದದ್ದು. ಅದಿಲ್ಲದಿದ್ದರೆ ಗೌಡರು ವ್ಯಾಜ್ಯಗಾರರು ಎಂಬುದು ಆ ಲೋಕದ ಸತ್ಯವಾಗಿಬಿಡುತ್ತದೆ, ಗೆಳೆಯನನ್ನು ಕೇಳದೆಯೇ ಅವನ ಪಾತ್ರಕ್ಕೆ ನಾನೊಂದು ಪೂರ್ವಕತೆಯನ್ನು ಅಂಟಿಸಿದಂತಾಗುತ್ತದೆ. ಪಕ್ಕದವರ ತೋಟದಲ್ಲಿ ಬೇಲಿ ಸರಿಸಿ ಎರಡು ಮರ ಒಳಗೆ ಹಾಕಿಕೊಳ್ಳುವುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಈ ಬಗೆಯನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಬಹುಕಾಲದಿಂದ ಜೊತೆಗೆ ಆಡುತ್ತಿರುವ ಇಬ್ಬರು ಹಾಸ್ಯದ ಕತೆಯಲ್ಲಿ ಒಪ್ಪಿಕೊಂಡು ಮಾಡಿದರೆ ಅದು ಬೇರೆ ಮಾತು.

ಕೈ ಅಡ್ಡ ಹಿಡಿದು ಹೇಳುವುದು

ತ್ರಿಪತಾಕಕ್ಕೆ ಈಗಿನ ಸಾಟಿ ಮುಚ್ಚುಬರಹ. ಡಿಸ್ಕಾರ್ಡ್‌ನಲ್ಲಿ ಮಾತಿನ ಎರಡೂ ಬದಿಗೆ ಜೋಡಿ ನಿಲುಗೆರೆ ಇಟ್ಟರೆ ಬರಹ ಮರೆಯಾಗುತ್ತದೆ, ಮುಟ್ಟಿದವರಿಗೆ ಮಾತ್ರ ತೆರೆಯುತ್ತದೆ. ಟೆಲಿಗ್ರಾಂನಲ್ಲಿಯೂ ಇಂಥ ಸೌಕರ್ಯವಿದೆ. ಪತ್ತೇದಾರಿ ಕತೆಗಳಲ್ಲಿ ಇದು ಬಹಳ ಉಪಯುಕ್ತ. ಮೂಟೆ ಕದ್ದವನು ಯಾರೆಂದು ತಿಳಿಯದೆಯೇ ಆಡಬಯಸುವವರು ಮುಟ್ಟದೆ ಬಿಡುತ್ತಾರೆ. ತಿಳಿದು ಆಡುವುದರಲ್ಲಿ ಸುಖ ಕಾಣುವವರು ತೆರೆದು ಓದುತ್ತಾರೆ. ಆಯ್ಕೆ ಓದುವವರ ಕೈಗೆ ಹೋಗುತ್ತದೆ ಎಂಬುದೇ ಇದರ ಸೊಗಸು. ಆದರೆ ಬೈಗುಳವನ್ನು ಮುಚ್ಚಿಟ್ಟರೆ ಅದು ಬೈಗುಳವಾಗದೆ ಉಳಿಯುವುದಿಲ್ಲ. ಮುಚ್ಚಿದ ಪಾತ್ರೆಯನ್ನು ಎಲ್ಲರೂ ಮೊದಲು ತೆರೆದು ನೋಡುತ್ತಾರೆ.

ಒಬ್ಬರಿಗೆ ಮಾತ್ರ ಖಾಸಗಿಯಾಗಿ ಪಾತ್ರದ ಮನಸ್ಸನ್ನು ಬರೆದು ಕಳಿಸುವುದು ಇದರ ಇನ್ನೊಂದು ರೂಪ. ಇಬ್ಬರೇ ಸೇರಿ ಒಳಸಂಚು ಹೂಡುವ ಪ್ರಸಂಗಕ್ಕೆ ಇದು ಸರಿ. ಐದು ಜನರ ಆಟದಲ್ಲಿ ಅಭ್ಯಾಸವಾಗಿಬಿಟ್ಟರೆ ಉಳಿದ ಮೂವರಿಗೆ ಕತೆಯ ತಲೆಬುಡ ಸಿಗುವುದಿಲ್ಲ, ಮತ್ತು ತಮ್ಮ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಎಂಬ ಗುಮಾನಿ ಪಾತ್ರಗಳನ್ನು ದಾಟಿ ಮನುಷ್ಯರಿಗೆ ತಗಲುತ್ತದೆ. ನಮ್ಮ ಗುಂಪು ಒಮ್ಮೆ ಒಡೆದದ್ದು ಇಂಥದ್ದೇ ಕಾರಣಕ್ಕೆ.

ಇನ್ನು ಪ್ರತ್ಯೇಕ ಸ್ವಗತದ ಬರಹ. ಪಾತ್ರ ಒಬ್ಬನೇ ಇರುವಾಗ, ಎದುರಿಗೆ ಯಾರೂ ಉತ್ತರಿಸಬೇಕಾಗಿಲ್ಲದಾಗ, ಉದ್ದಕ್ಕೆ ಮನಸ್ಸು ಬಿಚ್ಚಿ ಬರೆಯುವುದು. ತಾಳಮದ್ದಳೆಯಲ್ಲಿ ಪಾತ್ರ ಪ್ರವೇಶಿಸಿದಾಗ ಅರ್ಥಧಾರಿ ಹೇಳುವ ಪೀಠಿಕೆಯ ಹಾಗೆ ಇದನ್ನು ಕತೆಯ ಸಂಧಿಗಳಲ್ಲಿ ಮಾತ್ರ ಇಟ್ಟುಕೊಂಡರೆ ಸೊಗಸು. ಎದುರಿಗೆ ಬೇರೆ ಪಾತ್ರ ಕಾಯುತ್ತ ನಿಂತಿರುವಾಗ ಪೀಠಿಕೆ ಹೊಡೆಯುವುದು ಮಾತ್ರ ಸಲ್ಲದು.

ಯಾವುದಕ್ಕೆ ಯಾವುದು

ಇಬ್ಬರೇ ಆಡುವ, ದಿನಕ್ಕೊಂದು ಸರದಿ ಬರುವ ನಿಧಾನದ ಆಟಕ್ಕೆ ನೇರ ಸ್ವಗತವೇ ಉತ್ತಮ. ಮಲೆನಾಡಿನಲ್ಲಿ ಬಹಳಷ್ಟು ಆಟಗಳು ತಾವಾಗಿಯೇ ನಿಧಾನದವು; ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರು ಮಲಗುತ್ತದೆ, ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಓದುವವರಿಗೆ ‘ಗುಮಾಸ್ತ ಹುಬ್ಬೇರಿಸಿದ’ ಎಂಬ ಒಂಟಿ ಸಾಲು ಸಿಕ್ಕರೆ ನ್ಯಾಯವಲ್ಲ. ಅಷ್ಟು ದೂರ ಬಂದವರಿಗೆ ಪಾತ್ರದ ಒಳಗನ್ನೂ ಒಂದಿಷ್ಟು ಬಡಿಸಬೇಕು.

ನಾಲ್ಕೈದು ಜನ ಒಟ್ಟಿಗೆ ಕುಳಿತು ಪಟಪಟನೆ ಆಡುವ ಸಂಜೆಯ ಆಟಕ್ಕೆ ಕಣ್ಣಿಗೆ ಕಂಡದ್ದಷ್ಟೇ ಎಂಬ ಶಿಸ್ತು ಸರಿಹೊಂದುತ್ತದೆ, ನಡುನಡುವೆ ಒಂದು ‘ಅನಿಸಿತು’. ಅಲ್ಲಿ ಐವರೂ ಸ್ವಗತ ಬರೆಯತೊಡಗಿದರೆ ಯಾರ ಬಾಯಿಂದ ಏನು ಬಂತು ಎಂಬುದೇ ತಿಳಿಯದಂತಾಗುತ್ತದೆ. ಪ್ರೇಮಕತೆಗೆ ನೇರ ಸ್ವಗತ ಬೇಕೇ ಬೇಕು. ಇಬ್ಬರಿಗೂ ಇಷ್ಟವಿದೆ ಎಂದು ಆಡುವವರಿಬ್ಬರಿಗೂ ಗೊತ್ತಿದ್ದು ಪಾತ್ರಗಳಿಗೆ ಮಾತ್ರ ಗೊತ್ತಿಲ್ಲದಿರುವುದೇ ಅದರ ಸುಖ. ಕೊಲೆ, ಕಳವು, ಗೂಢಚರ್ಯೆಯ ಕತೆಗೆ ಮುಚ್ಚುಬರಹ. ಕೆಳದಿಯ ಅರಸರ ಕಾಲದಂಥ ಐತಿಹಾಸಿಕ ಹಿನ್ನೆಲೆಯಲ್ಲಿ ಆಡುವವರು ವರದಿಯ ಬಗೆಯನ್ನು ಹೆಚ್ಚು ನೆಚ್ಚಿಕೊಳ್ಳುವುದನ್ನು ಕಂಡಿದ್ದೇನೆ, ಏಕೆಂದರೆ 17ನೆಯ ಶತಮಾನದ ಸವಾರ ತನ್ನೊಳಗೆ ಯಾವ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದ ಎಂಬ ತಲೆನೋವು ಅದರಲ್ಲಿಲ್ಲ.

ಓದಿದ್ದನ್ನು ಓದಿಲ್ಲವೆಂಬಂತೆ

ಬರೆಯುವವರ ಮರ್ಯಾದೆಯಷ್ಟೇ ಓದುವವರ ಮರ್ಯಾದೆಯೂ ದೊಡ್ಡದು. ಗುಮಾಸ್ತ ಎರಡು ಕೆಜಿ ಹೊಡೆಯಲಿದ್ದಾನೆ ಎಂದು ಸ್ವಗತದಲ್ಲಿ ಓದಿದ ಗೆಳೆಯ, ಮರುಕ್ಷಣವೇ ಗೌಡರಿಂದ ‘ತೂಕ ಇನ್ನೊಂದ್ ಸಲ ಹಾಕು’ ಎನ್ನಿಸಿದರೆ ಅದು ಕದ್ದು ಕೇಳಿದಂತೆ. ಗೌಡರಿಗೆ ಅನುಮಾನ ಬರಬಾರದೆಂದಲ್ಲ. ಬರಲು ಕತೆಯೊಳಗೊಂದು ಕಾರಣ ಬೇಕು. ಆದ್ದರಿಂದ ಗುಟ್ಟಿನ ಸ್ವಗತ ಬರೆಯುವವರು ಅದರ ಜೊತೆಗೇ ಒಂದು ಹೊರಗುರುತನ್ನೂ ಇಡುವುದು ಒಳ್ಳೆಯ ರೂಢಿ. ಗುಮಾಸ್ತನ ಹೆಬ್ಬೆರಳು ತಕ್ಕಡಿಯ ತಟ್ಟೆಯ ಅಂಚಿಗೆ ತಾಗಿತು ಎಂದು ಬರೆದರೆ ಗೌಡರಿಗೂ ನ್ಯಾಯ, ಗೆಳೆಯನಿಗೂ ನ್ಯಾಯ.

ಇದಕ್ಕಿಂತ ನುಣ್ಣಗಿನ ತಪ್ಪು ಇನ್ನೊಂದಿದೆ. ‘ಗುಮಾಸ್ತನ ಮಾತು ಕೇಳಿ ಗೌಡರಿಗೆ ನಾಚಿಕೆಯಾಯಿತು’ ಎಂದು ನಾನು ಬರೆದರೆ ಗೆಳೆಯನ ಪಾತ್ರದ ಮನಸ್ಸನ್ನು ನಾನೇ ಬರೆದಂತಾಯಿತು. ಕನ್ನಡದಲ್ಲಿ ಭಾವಗಳು ‘ಆಗುವ’ ಸಂಗತಿಗಳಾದ್ದರಿಂದ, ಮಳೆ ಬಂತು ಎನ್ನುವಷ್ಟೇ ಸಲೀಸಾಗಿ ಇಂಥ ವಾಕ್ಯ ಕೈಯಿಂದ ಜಾರುತ್ತದೆ. ‘ನಾಚಿಕೆಯಾಗಲಿ ಎಂದೇ ಗುಮಾಸ್ತ ದನಿ ಎತ್ತರಿಸಿದ’ ಎಂದರೆ ಉದ್ದೇಶ ನನ್ನ ಪಾತ್ರದ್ದು, ಪರಿಣಾಮ ಗೆಳೆಯನ ಕೈಯಲ್ಲಿ.

ಮನಸ್ಸು ಓದುವ ಪಾತ್ರಗಳು ಬಂದಾಗ ಮಾತ್ರ ಎಲ್ಲ ಲೆಕ್ಕ ತಪ್ಪುತ್ತದೆ. ನಮ್ಮ ಮಂಡಿಯ ಕತೆಗೆ ಹೊಸನಗರದ ಗೆಳತಿಯೊಬ್ಬಳು ಅಂಜನ ಹಾಕಿ ಕಳವು ಪತ್ತೆ ಹಚ್ಚುವ ಪಾತ್ರವನ್ನು ತಂದಳು. ಬರೆದಿಟ್ಟ ಸ್ವಗತಗಳೆಲ್ಲ ಅಂಜನದಲ್ಲಿ ಕಾಣುತ್ತವೆಯೇ? ವೀಳ್ಯದೆಲೆಯ ಮೇಲಿನ ಕಪ್ಪಿನಲ್ಲಿ ಏನು ಕಾಣಬೇಕೆಂದು ಗು‌ಟ್ಟಿನ ಒಡೆಯನೇ ತೀರ್ಮಾನಿಸಬೇಕು, ಅಂಜನ ಹಾಕುವವಳು ಅದಕ್ಕೆ ಮೊದಲು ಜೋಡಿ ಆವರಣ ಚಿಹ್ನೆಯೊಳಗೆ, ಪಾತ್ರದ ಹೊರಗೆ ನಿಂತು, ಅವನನ್ನು ಕೇಳಬೇಕು ಎಂದು ಒಪ್ಪಿಕೊಂಡೆವು. ಅವಳು ಕೇಳಿದಳು. ನಾನು ತಕ್ಕಡಿಯನ್ನು ಕೊಡಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಬಡ್ಡಿಯ ಚೀಟಿ ಓದುತ್ತಿರುವ ಗುಮಾಸ್ತನ ತಾಯಿಯನ್ನು ಕೊಟ್ಟೆ. ಕತೆ ಅಲ್ಲಿಂದ ನಾವು ಯಾರೂ ಎಣಿಸದ ಕಡೆಗೆ ಹೊರಳಿತು.

ಅಳತೆ ಮತ್ತು ಕ್ರಮ

ಎಷ್ಟು ಉದ್ದ ಎಂಬುದಕ್ಕೆ ಒಂದು ಹೊರಗಿನ ಮಿತಿಯೂ ಇದೆ. ಹಣ ಕೊಡದೆ ಬಳಸುವವರಿಗೆ ಡಿಸ್ಕಾರ್ಡ್‌ನಲ್ಲಿ ಒಂದು ಸಂದೇಶಕ್ಕೆ 2000 ಅಕ್ಷರ, ಟೆಲಿಗ್ರಾಂನಲ್ಲಿ 4096. ಆದರೆ ಯಂತ್ರದ ಎಣಿಕೆ ನಮ್ಮ ಎಣಿಕೆಯಂತಲ್ಲ: ‘ಕ್ಷ’ ಎಂಬುದು ಅದಕ್ಕೆ ಮೂರು, ‘ಸ್ತ್ರೀ’ ಎಂಬುದು ಆರು. ಒತ್ತಕ್ಷರ ತುಂಬಿದ ಸ್ವಗತ ನಾವು ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ ಗೋಡೆಗೆ ಬಡಿಯುತ್ತದೆ, ಮತ್ತು ಎರಡು ಸಂದೇಶವಾಗಿ ಒಡೆದಾಗ ಎರಡನೆಯ ತುಂಡಿನ ಆರಂಭದಲ್ಲಿ ಅದು ಮನಸ್ಸಿನ ಮಾತೋ ಬಾಯಿಯ ಮಾತೋ ಎಂಬುದು ತಿಳಿಯದಾಗುತ್ತದೆ. ಒಡೆಯಲೇಬೇಕಾದರೆ ‘ಗುಮಾಸ್ತನ ಯೋಚನೆ ನಿಲ್ಲಲಿಲ್ಲ’ ಎಂಬಂಥ ಒಂದು ಕೊಂಡಿಯಿಂದ ಎರಡನೆಯ ತುಂಡನ್ನು ತೆಗೆಯಬೇಕು.

ಯಾವ ಬಗೆಯನ್ನು ಆರಿಸಿಕೊಂಡರೂ ಮನಸ್ಸನ್ನು ಸರದಿಯ ಮೊದಲಿಗೋ ನಡುವೆಯೋ ಇಟ್ಟು, ಕಣ್ಣಿಗೆ ಕಾಣುವ ಚರ್ಯೆಯನ್ನೋ ಕೇಳಿಸುವ ಮಾತನ್ನೋ ಕೊನೆಗೆ ಇಡುವುದು ಒಳ್ಳೆಯದು. ಓದುವವರು ಕೊನೆಯ ಸಾಲಿಗೆ ಉತ್ತರಿಸುತ್ತಾರೆ. ಅಲ್ಲಿ ಸ್ವಗತವಿದ್ದರೆ ಅವರೂ ಸ್ವಗತದಲ್ಲೇ ಉತ್ತರಿಸುವ ಸೆಳೆತಕ್ಕೆ ಬೀಳುತ್ತಾರೆ, ಮಂಡಿಯಲ್ಲಿ ನಮಗಾದದ್ದು ಅದೇ. ಈಗ ನಮ್ಮ ಆಟದಲ್ಲಿ ಆ ಮೊದಲ ಸಾಲುಗಳು ಹೀಗಿವೆ: “ಈ ಮಳೆಯಲ್ಲಿ ಇವರೇ ಬರಬೇಕಿತ್ತೇ, ಮಗನನ್ನು ಕಳಿಸಿದ್ದರೆ ಕೆಲಸ ಸುಲಭವಿತ್ತು ಎಂದು ಗುಮಾಸ್ತನಿಗೆ ಅನಿಸಿತು. ಚೀಲದ ಬಾಯಿ ಬಿಚ್ಚಿ ನೋಡದೆಯೇ ಅದನ್ನು ಗೊರಬಲಿನ ಸಾಲಿಗೆ ದೂಡಿದ. ‘ಕೂತ್ಕಳಿ ಗೌಡ್ರೇ, ಕಾಫಿ ತರಿಸ್ತೀನಿ.’” ಗೆಳೆಯನ ಉತ್ತರ ಬರುವಷ್ಟರಲ್ಲಿ ಸಾಗರದ ಕಡೆ ಕರೆಂಟು ಹೋಗಿತ್ತು. ಮೂರನೆಯ ದಿನ ಬಂತು: ಗೌಡರು ಕೂರಲಿಲ್ಲ, ಕೊಡೆಯನ್ನು ಮಡಿಸಿ ಗೋಡೆಗೆ ಒರಗಿಸಿ, ದೂಡಿದ ಚೀಲವನ್ನು ತಾವೇ ಎಳೆದು ತಂದು ರಾಶಿಯ ಸಾಲಿನಲ್ಲಿ ನಿಲ್ಲಿಸಿದರು.